ಖಾಲಿ ವರ್ಷಗಳ ಬಿಲ್ ಯಾರ ಹೆಸರಿಗೆ?

 

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಬಳಸದೇ ಇರೋ ವಸ್ತುವಿಗೆ ನೀವು ದುಡ್ಡು ಕೊಡ್ತೀರಾ?

‘ಇಲ್ಲಪ್ಪ’ ಅಂತ ಹೇಳೋ ಮೊದಲು ಮನೆಯ ಕರೆಂಟ್ ಬಿಲ್ ತೆಗೆದು ನೋಡಿ. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರೋರನ್ನು ಬಿಟ್ಟರೆ, ಉಳಿದ ಎಲ್ಲರ ಬಿಲ್‌ನಲ್ಲೂ ‘ನಿಗದಿತ ಶುಲ್ಕ’ ಅಂತ ಒಂದು ಸಾಲು ಇರುತ್ತೆ. ನೀವು ತಿಂಗಳಿಡೀ ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಅದು ಬರುತ್ತೆ. ಯಾಕೆ? ನಿಮ್ಮ ಮನೆಗೆ ಅಂತ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಸಿದ್ಧವಾಗಿ ನಿಂತಿದೆ. ಅದು ನಿಂತಿರೋದಕ್ಕೂ ಖರ್ಚಿದೆ.

ಈ ಸಾಲಿನ ನೆನಪಾಗೋಕೆ ಕಾರಣ, ದುಬೈನಲ್ಲಿರುವ ಉಡುಪಿ ಕಡೆಯ ಕೇಳುಗರೊಬ್ಬರು ಕಳಿಸಿದ ವಾಯ್ಸ್ ಮೆಸೇಜ್. ಅವರ ಫ್ಲ್ಯಾಟ್‌ನಲ್ಲಿ ಬಾಲ್ಕನಿಗೆ ಎಸಿ ಯಂತ್ರ ಇಲ್ಲ. ತಂಪು ನೀರು ಪೈಪಿನಲ್ಲಿ ಕಟ್ಟಡಕ್ಕೆ ಬರುತ್ತೆ, ಅದಕ್ಕೆ ಬೇರೆಯೇ ಬಿಲ್. ‘ಮನೆಗೆ ಬೀಗ ಹಾಕಿ ಊರಿಗೆ ಬಂದದ್ದು ಮಾರಾಯ್ರೆ, ಒಂದು ತಿಂಗಳು ಎಸಿ ಆನ್ ಇಲ್ಲ. ಮತ್ತೆ ಬಿಲ್ಲು ಎಂತಕ್ಕೆ?’ ಅನ್ನೋದು ಅವರ ಪ್ರಶ್ನೆ.

ಒಳ್ಳೆ ಪ್ರಶ್ನೆ. ಉತ್ತರ ಮಾತ್ರ ಬಿಲ್‌ನಲ್ಲಿ ಇಲ್ಲ. ಆ ಪೈಪ್ ಹೂಳೋ ಮೊದಲೇ ಯಾರೋ ಮಾಡಿದ ಎಕ್ಸೆಲ್ ಫೈಲಿನಲ್ಲಿದೆ. ಇವತ್ತು ಆ ಫೈಲನ್ನು ತೆರೆದು ನೋಡೋಣ. ಬಿ.ಕಾಂ ಓದಿದವರಿಗೆ ಇದು ಪರಿಚಿತ ಜಾಗ, ಓದದವರೂ ಹೆದರಬೇಡಿ. ಕೂಡಿಸೋದು, ಕಳೆಯೋದು ಗೊತ್ತಿದ್ದರೆ ಸಾಕು.

ಮೊದಲು ವಿಷಯ ಏನು ಅಂತ ನೋಡೋಣ. ಇಂಗ್ಲಿಷಿನಲ್ಲಿ ಇದಕ್ಕೆ ‘ಡಿಸ್ಟ್ರಿಕ್ಟ್ ಎನರ್ಜಿ’ ಅಂತಾರೆ. ಡಿಸ್ಟ್ರಿಕ್ಟ್ ಅಂದ್ರೆ ಇಲ್ಲಿ ನಮ್ಮ ಜಿಲ್ಲೆ ಅಲ್ಲ, ಊರಿನ ಒಂದು ಭಾಗ, ಒಂದು ಬಡಾವಣೆ. ಪ್ರತಿ ಕಟ್ಟಡದ ಮೇಲೂ ಒಂದೊಂದು ಚಿಲ್ಲರ್ ಇಡೋ ಬದಲು, ಇಡೀ ಬಡಾವಣೆಗೆ ಒಂದು ದೊಡ್ಡ ಸ್ಥಾವರ. ಅಲ್ಲಿ ನೀರನ್ನು ಸುಮಾರು 5-6 ಡಿಗ್ರಿಗೆ ತಣ್ಣಗೆ ಮಾಡಿ, ನೆಲದಡಿಯ ಪೈಪಿನಲ್ಲಿ ಎಲ್ಲ ಕಟ್ಟಡಗಳಿಗೂ ಕಳಿಸ್ತಾರೆ. ಆ ನೀರು ಕಟ್ಟಡದ ಬಿಸಿ ಹೀರಿಕೊಂಡು ಇನ್ನೊಂದು ಪೈಪಿನಲ್ಲಿ ವಾಪಸ್ ಬರುತ್ತೆ. ಚಳಿ ದೇಶಗಳಲ್ಲಿ ಇದೇ ಕೆಲಸ ಉಲ್ಟಾ, ಬಿಸಿನೀರು ಹೋಗುತ್ತೆ. ಮನೆಮನೆಗೂ ಬೋರ್‌ವೆಲ್ ಕೊರೆಸೋದಕ್ಕೂ, ಊರಿಗೆಲ್ಲ ಒಂದು ಓವರ್‌ಹೆಡ್ ಟ್ಯಾಂಕ್ ಕಟ್ಟೋದಕ್ಕೂ ಇರೋ ವ್ಯತ್ಯಾಸ ಇದು.

ಲಾಭ ಎಲ್ಲಿದೆ? ಎಲ್ಲರಿಗೂ ಒಂದೇ ಹೊತ್ತಿಗೆ ತಂಪು ಬೇಕಾಗಲ್ಲ. ಆಫೀಸಿಗೆ ಮಧ್ಯಾಹ್ನ ಬೇಕು, ಮನೆಗೆ ರಾತ್ರಿ ಬೇಕು, ಸಿನಿಮಾ ಹಾಲ್‌ಗೆ ಭಾನುವಾರ ಸಂಜೆ ಬೇಕು. ಮೂವರೂ ಬೇರೆ ಬೇರೆ ಯಂತ್ರ ಇಟ್ಟರೆ ಮೂವರೂ ತಮ್ಮ ತಮ್ಮ ಅತಿ ಹೆಚ್ಚಿನ ಬೇಡಿಕೆಗೆ ತಕ್ಕಷ್ಟು ದೊಡ್ಡ ಯಂತ್ರ ಇಡಬೇಕು. ಒಟ್ಟಿಗೆ ಮಾಡಿದರೆ ಒಂದೇ ಯಂತ್ರ ಬೆಳಿಗ್ಗೆಯಿಂದ ರಾತ್ರಿವರೆಗೆ ಮೂವರಿಗೂ ದುಡಿಯುತ್ತೆ. ಯಂತ್ರವೂ ಕಡಿಮೆ ಸಾಕು, ಕರೆಂಟೂ ಕಡಿಮೆ ಸಾಕು. 2019ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರತಂದ ‘ಇಂಡಿಯಾ ಕೂಲಿಂಗ್ ಆ್ಯಕ್ಷನ್ ಪ್ಲಾನ್’ನಲ್ಲೂ ಡಿಸ್ಟ್ರಿಕ್ಟ್ ಕೂಲಿಂಗ್ ಪ್ರಸ್ತಾಪ ಇದೆ. ಬೇಸಿಗೆ ಹೇಗೆ ಏರ್ತಾ ಇದೆ ಅಂತ ನಿಮಗೇ ಗೊತ್ತು. ಕಾರಣ ವಿವರಿಸಬೇಕಿಲ್ಲ.

ಹಾಗಾದರೆ ಇಷ್ಟು ಒಳ್ಳೆ ವ್ಯವಸ್ಥೆ ಎಲ್ಲ ಊರಲ್ಲೂ ಯಾಕಿಲ್ಲ? ತಂತ್ರಜ್ಞಾನ ಹಳೆಯದು, ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತಿರೋದು. ಅಡ್ಡ ಬರೋದು ದುಡ್ಡು. ಇನ್ನೂ ಸರಿಯಾಗಿ ಹೇಳಬೇಕು ಅಂದ್ರೆ, ದುಡ್ಡು ಬರೋ ಸಮಯ.

ಒಂದು ಲೆಕ್ಕ ಹಾಕೋಣ. ಇದು ನಿಜವಾದ ಪ್ರಾಜೆಕ್ಟ್ ಅಲ್ಲ, ತಿಳಿಯೋಕೆ ಸುಲಭ ಆಗಲಿ ಅಂತ ನಾನೇ ಹಾಕಿದ ಸಂಖ್ಯೆಗಳು. ಸ್ಥಾವರ ಮತ್ತು ಪೈಪ್ ಸೇರಿ 100 ಕೋಟಿ ರೂಪಾಯಿ ಖರ್ಚು, ಮೊದಲ ದಿನವೇ. ಬಡಾವಣೆಯ ಎಲ್ಲ ಕಟ್ಟಡಗಳೂ ಸೇರಿದರೆ, ಕರೆಂಟು, ಸಂಬಳ, ರಿಪೇರಿ ಎಲ್ಲ ಕಳೆದು ವರ್ಷಕ್ಕೆ 14 ಕೋಟಿ ಉಳಿಯುತ್ತೆ. ಯೋಜನೆಯ ಆಯಸ್ಸು 25 ವರ್ಷ.

ಮೊದಲ ಸನ್ನಿವೇಶ: ಎಲ್ಲ ಕಟ್ಟಡಗಳೂ ಮೊದಲ ವರ್ಷವೇ ಸೇರಿಬಿಟ್ಟವು. 25 ವರ್ಷಕ್ಕೆ ಒಟ್ಟು 350 ಕೋಟಿ ಬಂತು. ಹಾಕಿದ ದುಡ್ಡು ವರ್ಷಕ್ಕೆ ಶೇಕಡಾ ಎಷ್ಟು ದುಡಿಯಿತು ಅನ್ನೋದನ್ನು ಐಆರ್‌ಆರ್ ಅಂತಾರೆ. ಇಲ್ಲಿ ಅದು ಸುಮಾರು ಶೇ 13.4. ಬ್ಯಾಂಕ್ ಶೇ 10ಕ್ಕೆ ಸಾಲ ಕೊಡುತ್ತೆ ಅಂತ ಇಟ್ಟುಕೊಂಡರೆ, ಚೆನ್ನಾಗಿರೋ ಪ್ರಾಜೆಕ್ಟ್.

ಎರಡನೇ ಸನ್ನಿವೇಶ: ಕಟ್ಟಡಗಳು ನಿಧಾನವಾಗಿ ಬಂದವು. ಮೊದಲ ವರ್ಷ ಶೇ 10, ಎರಡನೇ ವರ್ಷ ಶೇ 20, ಹೀಗೆ ಹತ್ತನೇ ವರ್ಷಕ್ಕೆ ಬಡಾವಣೆ ತುಂಬಿತು. ಬೇರೆ ಏನೂ ಬದಲಾಗಿಲ್ಲ. ಅದೇ ಯಂತ್ರ, ಅದೇ ದರ, ಅದೇ ಜನ. ಒಟ್ಟು ಬಂದ ದುಡ್ಡು 287 ಕೋಟಿ. ಕೇಳೋಕೆ ಪರವಾಗಿಲ್ಲ ಅನಿಸುತ್ತೆ ಅಲ್ವಾ? ಆದರೆ ಐಆರ್‌ಆರ್ ಸುಮಾರು ಶೇ 8.1ಕ್ಕೆ ಇಳಿಯಿತು. ಸಾಲದ ಬಡ್ಡಿಗಿಂತ ಕಡಿಮೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. 100 ಕೋಟಿಯಲ್ಲಿ 70 ಕೋಟಿ ಸಾಲ, 30 ಕೋಟಿ ಸ್ವಂತ ದುಡ್ಡು. ಮೊದಲ ವರ್ಷದ ಬಡ್ಡಿಯೇ 7 ಕೋಟಿ. ಉಳಿತಾಯ ಎಷ್ಟು? 1.4 ಕೋಟಿ. ಬಾಕಿ 5.6 ಕೋಟಿ ಸಾಲಕ್ಕೆ ಸೇರಿತು. ಮುಂದಿನ ವರ್ಷ ಅದಕ್ಕೂ ಬಡ್ಡಿ. ಹೀಗೇ ಬೆಳೆದು ಆರನೇ ವರ್ಷದ ಕೊನೆಗೆ ಸಾಲ ಸುಮಾರು 89 ಕೋಟಿ. ಏಳನೇ ವರ್ಷದಿಂದ ಇಳಿಯೋಕೆ ಶುರು. ಹನ್ನೊಂದನೇ ವರ್ಷ ಮುಗಿಯೋ ಹೊತ್ತಿಗೆ ಸಾಲ ಮತ್ತೆ 70 ಕೋಟಿಯ ಹತ್ತಿರ ಬಂದು ನಿಲ್ಲುತ್ತೆ. ಹನ್ನೊಂದು ವರ್ಷ ಕಂಪನಿ ನಡೆಸಿ, ಹೊರಟ ಜಾಗಕ್ಕೇ ವಾಪಸ್! ಸಾಲ ಪೂರ್ತಿ ತೀರೋದು ಹತ್ತೊಂಬತ್ತನೇ ವರ್ಷ. ಅಲ್ಲಿಯವರೆಗೆ 30 ಕೋಟಿ ಹಾಕಿದವರಿಗೆ ಒಂದು ರೂಪಾಯಿ ಇಲ್ಲ.

ಅದೂ ಬ್ಯಾಂಕ್ ಸುಮ್ಮನೆ ಕೂತರೆ ಮಾತ್ರ. ನಿಜವಾಗಿ ಬ್ಯಾಂಕ್ ಹಾಗೆ ಕೂರಲ್ಲ. ವರ್ಷದ ಉಳಿತಾಯವನ್ನು ವರ್ಷದ ಸಾಲದ ಕಂತಿನಿಂದ ಭಾಗಿಸಿ ನೋಡ್ತಾರೆ. ಉತ್ತರ 1ಕ್ಕಿಂತ ಸ್ವಲ್ಪ ಮೇಲೆಯೇ ಇರಬೇಕು. ನಮ್ಮ ಲೆಕ್ಕದಲ್ಲಿ ಮೊದಲ ವರ್ಷ ಬರೀ ಬಡ್ಡಿಗೆ ಹೋಲಿಸಿದರೇ 0.2. ಫೈಲ್ ಅಲ್ಲಿಗೇ ಮುಚ್ಚಿತು.

ಇದೇ ಈ ಸಂಚಿಕೆಯ ಮುಖ್ಯ ಮಾತು. ಬಸ್ಸಾದರೆ ಜನ ಇಲ್ಲದ ರೂಟಿನಿಂದ ತೆಗೆದು ಬೇರೆ ರೂಟಿಗೆ ಹಾಕಬಹುದು. ಹೂತ ಪೈಪನ್ನು ಹಾಗೆ ಮಾಡೋಕಾಗಲ್ಲ. ಹೂತಾಯ್ತು, ಇನ್ನು ಕಟ್ಟಡ ಬರೋವರೆಗೂ ಕಾಯಬೇಕು. ಆ ಕಾಯೋ ವರ್ಷಗಳನ್ನು ನಾನು ‘ಖಾಲಿ ವರ್ಷಗಳು’ ಅಂತ ಕರೀತೀನಿ. ಅವುಗಳ ಖರ್ಚು ಯಾರಾದರೂ ಒಬ್ಬರು ಹೊರಲೇಬೇಕು. ಕಂಪನಿ ಹೊರಬೇಕು, ಇಲ್ಲ ಬ್ಯಾಂಕ್, ಇಲ್ಲ ಸರ್ಕಾರ, ಇಲ್ಲ ನೀವು. ಫೈನಾನ್ಶಿಯಲ್ ಮಾಡೆಲ್ ಅಂದ್ರೆ ಐಆರ್‌ಆರ್ ಕಂಡುಹಿಡಿಯೋ ಯಂತ್ರ ಅಂತ ಎಲ್ಲರೂ ಅಂದುಕೊಂಡಿರ್ತಾರೆ. ನನ್ನ ಪ್ರಕಾರ ಅದು ಖಾಲಿ ವರ್ಷಗಳ ಭಾರವನ್ನು ಹಂಚುವ ಕಾಗದ.

ಈಗ ಬೇರೆ ಬೇರೆ ಊರುಗಳು ಇದನ್ನು ಹೇಗೆ ಹಂಚಿದವು ಅಂತ ನೋಡೋಣ.

ಮೊದಲು ದುಬೈ ಪ್ರಶ್ನೆಗೇ ಉತ್ತರ. ಅಲ್ಲಿ ಬಿಲ್‌ನಲ್ಲಿ ಸಾಮಾನ್ಯವಾಗಿ ಎರಡು ಭಾಗ ಇರುತ್ತೆ. ಒಂದು, ಬಳಸಿದಷ್ಟಕ್ಕೆ. ಇನ್ನೊಂದು, ನಿಮ್ಮ ಫ್ಲ್ಯಾಟ್‌ಗೆ ಅಂತ ಕಾದಿರಿಸಿದ ಸಾಮರ್ಥ್ಯಕ್ಕೆ. ಎರಡನೆಯದು ನೀವು ಊರಲ್ಲಿದ್ದರೂ ಬರುತ್ತೆ, ಇಲ್ಲದಿದ್ದರೂ ಬರುತ್ತೆ. ಬ್ಯಾಂಕ್‌ಗೆ ತುಂಬಾ ಇಷ್ಟವಾಗೋ ಸಾಲು ಅದೇ. ಯಾಕಂದ್ರೆ ಮಳೆ ಬಂದರೂ, ಜನ ರಜೆಗೆ ಹೋದರೂ ಆ ಆದಾಯ ಕದಲಲ್ಲ. ಅಂದ್ರೆ ಅಲ್ಲಿ ಯಂತ್ರ ಸುಮ್ಮನೆ ನಿಂತಿರೋ ಹೊತ್ತಿನ ಖರ್ಚಿನ ದೊಡ್ಡ ಪಾಲು ಗ್ರಾಹಕರ ತಲೆ ಮೇಲೆ. ಇದು ಮೋಸ ಅಲ್ಲ, ನಮ್ಮ ನಿಗದಿತ ಶುಲ್ಕದ್ದೇ ದೊಡ್ಡಣ್ಣ. ಆದರೆ ಬಾಡಿಗೆಗೆ ಹೋಗೋ ಮೊದಲು ಆ ಸಾಲು ಎಷ್ಟು ಅಂತ ಕೇಳಿ ತಿಳ್ಕೊಳ್ಳೋದು ಜಾಣತನ.

ಎರಡನೇ ಊರು, ಕೆನಡಾದ ವ್ಯಾಂಕೂವರ್. 2010ರ ಚಳಿಗಾಲದ ಒಲಿಂಪಿಕ್ಸ್‌ಗೆ ಕ್ರೀಡಾಪಟುಗಳ ವಸತಿಗಾಗಿ ಫಾಲ್ಸ್ ಕ್ರೀಕ್ ಅನ್ನೋ ಕಡೆ ಹೊಸ ಬಡಾವಣೆ ಕಟ್ಟಿದರು. ಅಲ್ಲಿನ ಮನೆಗಳನ್ನು ಬೆಚ್ಚಗಿಡೋಕೆ ನಗರಾಡಳಿತವೇ ಒಂದು ವ್ಯವಸ್ಥೆ ಮಾಡಿತು. ಶಾಖ ಎಲ್ಲಿಂದ ಗೊತ್ತಾ? ಒಳಚರಂಡಿಯಿಂದ. ನಾವು ಸ್ನಾನ ಮಾಡಿ, ಪಾತ್ರೆ ತೊಳೆದು ಚೆಲ್ಲೋ ನೀರಿನಲ್ಲಿ ಬಿಸಿ ಉಳಿದಿರುತ್ತೆ. ಅದನ್ನು ಹೀಟ್ ಪಂಪ್ ಮೂಲಕ ಹೀರಿ ಮತ್ತೆ ಮನೆಗೆ ಕಳಿಸ್ತಾರೆ. ವರ್ಷದ ಶಾಖದಲ್ಲಿ ಸುಮಾರು ಶೇ 70 ಒಳಚರಂಡಿಯಿಂದ ಬರಲಿ, ತೀರಾ ಚಳಿಯ ದಿನಗಳಿಗೆ ಗ್ಯಾಸ್ ಬಾಯ್ಲರ್ ಇರಲಿ ಅನ್ನೋದು ಅದರ ವಿನ್ಯಾಸ.

ಆದರೆ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಒಳಚರಂಡಿ ಅಲ್ಲ, ದರ ನಿಗದಿ ಮಾಡಿದ ರೀತಿ. ಮೊದಲ ವರ್ಷ ಕೆಲವೇ ಕಟ್ಟಡಗಳು ಬಂದಿರ್ತವೆ. ಆ ವರ್ಷದ ಪೂರ್ತಿ ಖರ್ಚನ್ನು ಅವರ ಮೇಲೇ ಹಾಕಿದರೆ, ಮೊದಲು ಬಂದೋರಿಗೆ ಶಿಕ್ಷೆ ಕೊಟ್ಟಂತೆ. ಮದುವೆಗೆ ಮೊದಲು ಬಂದ ಹತ್ತು ಜನರ ಹತ್ತಿರ ಇಡೀ ಊಟದ ಖರ್ಚು ವಸೂಲಿ ಮಾಡಿದ ಹಾಗೆ. ವ್ಯಾಂಕೂವರ್ ಹಾಗೆ ಮಾಡಲಿಲ್ಲ. ಹಲವು ವರ್ಷಗಳ ಖರ್ಚನ್ನು, ಹಲವು ವರ್ಷಗಳ ಗ್ರಾಹಕರನ್ನು ಒಟ್ಟಿಗೆ ಲೆಕ್ಕ ಹಾಕಿ ಸಮತಟ್ಟಾದ ಒಂದು ದರ ಮಾಡಿತು. ಮೊದಲ ವರ್ಷಗಳಲ್ಲಿ ಖರ್ಚಿಗಿಂತ ಕಡಿಮೆ ವಸೂಲಿ, ಕೊರತೆಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳೋದು. ಬಡಾವಣೆ ತುಂಬಿದ ಮೇಲೆ ಖರ್ಚಿಗಿಂತ ಸ್ವಲ್ಪ ಹೆಚ್ಚು ವಸೂಲಿ, ಹಳೇ ಕೊರತೆ ತೀರಿಸೋದು.

ಇದು ನಡೆಯಬೇಕಾದರೆ ಎರಡು ಷರತ್ತು. ಒಂದು, ಮುಂದಿನ ಕಟ್ಟಡಗಳು ಖಂಡಿತ ಬರಬೇಕು. ಅದಕ್ಕೆ 2007ರಲ್ಲೇ ನಗರಾಡಳಿತ ಒಂದು ಬೈಲಾ ಮಾಡಿತು: ಈ ಪ್ರದೇಶದಲ್ಲಿ ಹೊಸ ಕಟ್ಟಡ ಕಟ್ಟಿದರೆ ಈ ವ್ಯವಸ್ಥೆಗೆ ಸೇರಲೇಬೇಕು. ಇನ್ನೊಂದು, ಮಾಲೀಕನಿಗೆ ಕಾಯೋ ತಾಕತ್ತು ಇರಬೇಕು. ಮಾಲೀಕ ನಗರಾಡಳಿತ, ಅದಕ್ಕೆ ಮೂರು ವರ್ಷಕ್ಕೆ ಪಾಲು ಮಾರಿ ಹೊರಡೋ ಅವಸರ ಇಲ್ಲ. ನಮ್ಮ 100 ಕೋಟಿ ಲೆಕ್ಕಕ್ಕೆ ವಾಪಸ್ ಬನ್ನಿ. ಆ ಬೈಲಾ ಏನು ಮಾಡುತ್ತೆ? ಎರಡನೇ ಸನ್ನಿವೇಶವನ್ನು ಮೊದಲ ಸನ್ನಿವೇಶದ ಹತ್ತಿರಕ್ಕೆ ತಳ್ಳುತ್ತೆ. ಒಂದು ಕಾನೂನಿನ ಕಾಗದ ಬಡ್ಡಿದರದಷ್ಟೇ ಬೆಲೆ ಬಾಳುತ್ತೆ ಅನ್ನೋದು ಇಲ್ಲಿ ಕಾಣುತ್ತೆ.

ಈಗ ನಮ್ಮ ಪಕ್ಕದ ರಾಜ್ಯಕ್ಕೆ ಬರೋಣ. ಆಂಧ್ರದ ಅಮರಾವತಿ. 2019ರ ಫೆಬ್ರುವರಿಯಲ್ಲಿ ಅಲ್ಲಿನ ರಾಜಧಾನಿ ಪ್ರದೇಶದ ಪ್ರಾಧಿಕಾರ, ಯುಎಇಯ ಟಬ್ರೀದ್ ಕಂಪನಿ ಜೊತೆ 30 ವರ್ಷದ ಒಪ್ಪಂದ ಮಾಡಿಕೊಂಡಿತು. ಹೊಸ ರಾಜಧಾನಿಯ ಸರ್ಕಾರಿ ಕಟ್ಟಡಗಳಿಗೆ 20,000 ಟನ್ ತಂಪು. ಇಲ್ಲಿ ಟನ್ ಅಂದ್ರೆ ತೂಕ ಅಲ್ಲ. ನಿಮ್ಮ ಮನೆ ಎಸಿ ಒಂದೂವರೆ ಟನ್ ಅಂತೀವಲ್ಲ, ಅದೇ ಟನ್.

ಮಾಡೆಲ್ ಮಾಡೋರ ಕಣ್ಣಲ್ಲಿ ಇದಕ್ಕಿಂತ ಒಳ್ಳೆ ಗ್ರಾಹಕ ಇಲ್ಲ. ವಿಧಾನಸಭೆ, ಹೈಕೋರ್ಟ್, ಸಚಿವಾಲಯ ಎಲ್ಲಿಗೆ ಓಡಿಹೋಗ್ತವೆ? ಇಂಥ ದೊಡ್ಡ, ಖಚಿತ ಗ್ರಾಹಕರನ್ನು ‘ಆ್ಯಂಕರ್ ಲೋಡ್’ ಅಂತಾರೆ. ದೋಣಿಗೆ ಲಂಗರು ಇದ್ದ ಹಾಗೆ. ಆದರೆ ಮೂರೇ ತಿಂಗಳಲ್ಲಿ ಚುನಾವಣೆ ಫಲಿತಾಂಶ ಬಂತು, ಸರ್ಕಾರ ಬದಲಾಯಿತು. ಅದೇ ವರ್ಷದ ಕೊನೆಗೆ ಮೂರು ರಾಜಧಾನಿಗಳ ಪ್ರಸ್ತಾವ ಬಂತು, ಅಮರಾವತಿಯ ಕಟ್ಟಡ ಕೆಲಸ ನಿಂತಿತು. 2024ರಲ್ಲಿ ಮತ್ತೆ ಸರ್ಕಾರ ಬದಲಾದ ಮೇಲೆ ಅಮರಾವತಿಗೆ ಮರುಜೀವ. ಈ ಐದು ವರ್ಷವನ್ನು ಯಾವ ಎಕ್ಸೆಲ್ ಮೊದಲೇ ಕಂಡಿತ್ತು? ಲಂಗರು ಗಟ್ಟಿಯಾಗಿತ್ತು, ದೋಣಿ ಕಟ್ಟಿದ ದಡವೇ ಸರಿದುಹೋಯಿತು.

ಹಾಗಂತ ಭಾರತದಲ್ಲಿ ಆಗಲ್ಲ ಅಂತ ಅಲ್ಲ. ಗುಜರಾತಿನ ಗಾಂಧಿನಗರದ ಹತ್ತಿರ ಗಿಫ್ಟ್ ಸಿಟಿ ಇದೆ. ದೇಶದ ಮೊದಲ ಡಿಸ್ಟ್ರಿಕ್ಟ್ ಕೂಲಿಂಗ್ ವ್ಯವಸ್ಥೆ ಅಂತ ಅದನ್ನು ಹೇಳ್ತಾರೆ. ಅಲ್ಲಿ ಇಡೀ ನಗರಕ್ಕೆ ಹಾಕಿಕೊಂಡ ಯೋಜನೆ 1,80,000 ಟನ್. ಆದರೆ ಮೊದಲು ಕಟ್ಟಿದ್ದು 10,000 ಟನ್ ಸ್ಥಾವರ. ಅಂದ್ರೆ ಒಂದೂವರೆ ಟನ್‌ನ ಸುಮಾರು 6,700 ಎಸಿಗಳಷ್ಟು. ನಗರ ಬೆಳೆದ ಹಾಗೆ ಸ್ಥಾವರ ಸೇರಿಸುತ್ತಾ ಹೋಗೋದು ಲೆಕ್ಕಾಚಾರ. ಪೈಪ್ ಹೋಗೋಕೆ ನೆಲದಡಿಯಲ್ಲಿ ಮನುಷ್ಯ ನಡೆದಾಡಬಹುದಾದ ಸುರಂಗ, ಅದರಲ್ಲೇ ನೀರು, ಕರೆಂಟು ಎಲ್ಲ. ಹೀಗೆ ಹಂತಹಂತವಾಗಿ ಕಟ್ಟಿದರೆ ಏನಾಗುತ್ತೆ? 100 ಕೋಟಿಯನ್ನು ಮೊದಲ ದಿನವೇ ಸುರಿಯಬೇಕಿಲ್ಲ. ಜನ ಬಂದ ಹಾಗೆ ದುಡ್ಡು ಹಾಕ್ತಾ ಹೋಗಬಹುದು, ಖಾಲಿ ವರ್ಷದ ಭಾರ ಅಷ್ಟು ಕಡಿಮೆ. ಯಂತ್ರವನ್ನು ಹೀಗೆ ತುಂಡು ಮಾಡಬಹುದು. ಸುರಂಗವನ್ನು ಮಾತ್ರ ಅಷ್ಟು ಸುಲಭವಾಗಿ ತುಂಡು ಮಾಡೋಕಾಗಲ್ಲ, ಅದರ ಖರ್ಚು ಮೊದಲೇ ಬರುತ್ತೆ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಬರುತ್ತೆ: ಇದನ್ನೆಲ್ಲ ಲೆಕ್ಕ ಹಾಕೋದು ಯಾರು? ಒಂದು ನಗರಸಭೆಯಲ್ಲಿ ಕೂತ ಅಧಿಕಾರಿಗೆ ರಸ್ತೆ, ಕಸ, ನೀರು, ಬೀದಿದೀಪ ನೋಡೋದ್ರಲ್ಲೇ ದಿನ ಮುಗಿಯುತ್ತೆ. 25 ವರ್ಷದ ಮಾಡೆಲ್ ಮಾಡೋಕೆ ಅಲ್ಲಿ ಜನ ಇರಲ್ಲ. ಸಲಹೆಗಾರರನ್ನು ಕರೆಯಬೇಕು, ಅವರ ಫೀಸ್ ಕೊಡಬೇಕು. ಮತ್ತೆ ಆ ಫೀಸ್ ಎಲ್ಲಕ್ಕಿಂತ ಅಪಾಯದ ದುಡ್ಡು. ಯಾಕಂದ್ರೆ ವರದಿ ‘ಬೇಡ’ ಅಂದರೆ ಪೈಪೂ ಇಲ್ಲ, ಆದಾಯವೂ ಇಲ್ಲ, ಕೊಟ್ಟ ದುಡ್ಡು ಹೋಯಿತು.

ಬ್ರಿಟನ್ ಇದಕ್ಕೊಂದು ದಾರಿ ಮಾಡಿತು. 2013ರಲ್ಲಿ ಅಲ್ಲಿನ ಸರ್ಕಾರ ‘ಹೀಟ್ ನೆಟ್‌ವರ್ಕ್ಸ್ ಡೆಲಿವರಿ ಯೂನಿಟ್’ ಅಂತ ಒಂದು ಘಟಕ ಶುರು ಮಾಡಿತು. ಕೆಲಸ ಏನು? ಸ್ಥಳೀಯ ಆಡಳಿತಗಳಿಗೆ ಅಧ್ಯಯನದ ಖರ್ಚಿನಲ್ಲಿ ಪಾಲು ಕೊಡೋದು, ಜೊತೆಗೆ ತಜ್ಞರ ಸಹಾಯ ಕೊಡೋದು. ಮೊದಲು ಊರಿನಲ್ಲಿ ಎಲ್ಲಿ ಎಷ್ಟು ಶಾಖ ಬೇಕು ಅಂತ ನಕ್ಷೆ, ಆಮೇಲೆ ಕಾರ್ಯಸಾಧ್ಯತೆ ಅಧ್ಯಯನ, ಆಮೇಲೆ ವಿವರವಾದ ಲೆಕ್ಕ ಮತ್ತು ಒಪ್ಪಂದದ ಕರಡು. ಪ್ರತಿ ಹಂತದಲ್ಲೂ ‘ಇಲ್ಲಿಗೆ ಸಾಕು’ ಅಂತ ನಿಲ್ಲಿಸೋ ಅವಕಾಶ. ಕಟ್ಟೋ ಹಂತಕ್ಕೆ ಬಂದವುಗಳಿಗೆ ಆಮೇಲೆ ಬೇರೆ ನಿಧಿ ಬಂತು, 320 ಮಿಲಿಯನ್ ಪೌಂಡಿನದು. ಭಾರತದಲ್ಲೂ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಇಂಥದ್ದೇ ಸಹಾಯ ಮಾಡಿದೆ. ಭೋಪಾಲ್, ಕೊಯಮತ್ತೂರು, ಪುಣೆ, ರಾಜ್‌ಕೋಟ್, ಥಾಣೆ ನಗರಗಳಲ್ಲಿ ಆರಂಭಿಕ ಅಧ್ಯಯನ ನಡೆದಿದೆ.

ಒಂದು ಹಂತದ ದುಡ್ಡು ಇನ್ನೊಂದು ಹಂತಕ್ಕೆ ಸರಿಹೊಂದಲ್ಲ ಅನ್ನೋದನ್ನು ನೆನಪಿಡಿ. ಅಧ್ಯಯನಕ್ಕೆ ಅನುದಾನ ಬೇಕು, ಯಾಕಂದ್ರೆ ಅದು ವಾಪಸ್ ಬರುತ್ತೆ ಅನ್ನೋ ಭರವಸೆ ಇಲ್ಲ. ಕಟ್ಟೋಕೆ ಅಪಾಯ ಹೊರುವ ಬಂಡವಾಳ ಬೇಕು. ಎಲ್ಲ ಕಟ್ಟಡ ಬಂದು ಬಿಲ್ ಸರಾಗವಾಗಿ ಬರೋಕೆ ಶುರುವಾದ ಮೇಲೆ ಪಿಂಚಣಿ ನಿಧಿಗಳು ಸಾಲುಗಟ್ಟಿ ನಿಲ್ಲುತ್ತವೆ. ಅವುಗಳಿಗೆ 30 ವರ್ಷ ನಿಧಾನವಾಗಿ ಬರೋ ಆದಾಯವೇ ಬೇಕು, ಯಾಕಂದ್ರೆ 30 ವರ್ಷ ಪಿಂಚಣಿ ಕೊಡಬೇಕು.

ಟೊರೊಂಟೊದ ಕಥೆ ಇದಕ್ಕೆ ಚೆನ್ನಾಗಿ ಹೊಂದುತ್ತೆ. ಅಲ್ಲಿ ‘ಎನ್‌ವೇವ್’ ಅನ್ನೋ ಕಂಪನಿ 2004ರಿಂದ ಒಂಟಾರಿಯೊ ಸರೋವರದ 83 ಮೀಟರ್ ಆಳದಿಂದ ಸುಮಾರು 4 ಡಿಗ್ರಿಯ ನೀರಿನ ತಂಪನ್ನು ನಗರದ ಕಟ್ಟಡಗಳಿಗೆ ತಲುಪಿಸ್ತಾ ಇದೆ. ಆಗ ಮಾಲೀಕರು ಟೊರೊಂಟೊ ನಗರಾಡಳಿತ ಮತ್ತು ಪುರಸಭೆ ನೌಕರರ ಪಿಂಚಣಿ ನಿಧಿ. 2012ರಲ್ಲಿ ಇಬ್ಬರೂ ಸೇರಿ ಕಂಪನಿಯನ್ನು ಬ್ರೂಕ್‌ಫೀಲ್ಡ್‌ಗೆ 480 ಮಿಲಿಯನ್ ಕೆನಡಾ ಡಾಲರ್‌ಗೆ ಮಾರಿದರು. ನಗರಾಡಳಿತದ ಪಾಲು ಶೇ 43. 2021ರಲ್ಲಿ ಬ್ರೂಕ್‌ಫೀಲ್ಡ್ ಅದರ ಕೆನಡಾ ವ್ಯವಹಾರವನ್ನು ಶಿಕ್ಷಕರ ಪಿಂಚಣಿ ನಿಧಿ ಮತ್ತು ಇನ್ನೊಂದು ಹೂಡಿಕೆ ಸಂಸ್ಥೆಗೆ ಮಾರಿದ್ದು 2.8 ಬಿಲಿಯನ್ ಡಾಲರ್‌ಗೆ. ಮಧ್ಯೆ ಕಂಪನಿ ಬೇರೆ ಊರುಗಳಿಗೂ ಬೆಳೆದಿತ್ತು, ಹೊಸ ಬಂಡವಾಳವೂ ಹೋಗಿತ್ತು. ಹಾಗಾಗಿ ಎರಡು ಸಂಖ್ಯೆಗಳನ್ನು ನೇರವಾಗಿ ಹೋಲಿಸಬಾರದು. ಆದರೂ ಯೋಚನೆ ಮಾಡಬೇಕಾದ ವಿಷಯ ಇದೆ. ಕಷ್ಟದ ವರ್ಷಗಳಲ್ಲಿ ಸಾರ್ವಜನಿಕ ದುಡ್ಡು ಹೂಡಿದ ಊರಿಗೆ, ತುಂಬಿದ ವರ್ಷಗಳಲ್ಲಿ ಏನಾದರೂ ಪಾಲು ಇರಬೇಕಾ ಬೇಡವಾ? ಒಪ್ಪಂದ ಬರೆಯೋ ದಿನವೇ ಕೇಳಬೇಕಾದ ಪ್ರಶ್ನೆ ಅದು. ಮಾರಿದ ಮೇಲೆ ಕೇಳಿ ಪ್ರಯೋಜನ ಇಲ್ಲ.

ಇನ್ನು ಗ್ರಾಹಕರ ಮಾತು. ಒಮ್ಮೆ ನಿಮ್ಮ ಕಟ್ಟಡ ಈ ಪೈಪಿಗೆ ಸೇರಿತು ಅಂದ್ರೆ, ಇಷ್ಟ ಇಲ್ಲ ಅಂತ ಸಿಮ್ ಬದಲಾಯಿಸಿದ ಹಾಗೆ ಕಂಪನಿ ಬದಲಾಯಿಸೋಕೆ ಆಗಲ್ಲ. ಪೈಪ್ ಒಂದೇ. ನಮ್ಮಲ್ಲಿ ಕರೆಂಟ್ ದರ ಏರಿಸಬೇಕಾದರೆ ಎಸ್ಕಾಂಗಳು ಕೆಇಆರ್‌ಸಿ ಮುಂದೆ ಹೋಗಬೇಕು, ಸಾರ್ವಜನಿಕ ವಿಚಾರಣೆ ಆಗಬೇಕು. ನೀವೂ ಹೋಗಿ ಆಕ್ಷೇಪಣೆ ಹೇಳಬಹುದು. ಆದರೆ 2003ರ ವಿದ್ಯುತ್ ಕಾಯ್ದೆ ಇರೋದು ಕರೆಂಟಿಗೆ. ಪೈಪಿನಲ್ಲಿ ಬರೋ ತಣ್ಣೀರು ಅದರ ವ್ಯಾಪ್ತಿಗೆ ಬರಲ್ಲ. ಕಂಪನಿಯೂ ಬಿಲ್ಡರೂ ಸಹಿ ಹಾಕಿದ ಒಪ್ಪಂದವೇ ಎಲ್ಲ. ಆ ಸಹಿ ಹಾಕೋ ದಿನ ಫ್ಲ್ಯಾಟ್ ಕೊಳ್ಳೋರು ಅಲ್ಲಿ ಇರೋದೇ ಇಲ್ಲ. ಬ್ರಿಟನ್ನಿನಲ್ಲೂ ಶಾಖದ ಜಾಲಗಳಿಗೆ ತುಂಬಾ ಕಾಲ ನಿಯಂತ್ರಕರು ಇರಲಿಲ್ಲ. ಕೊನೆಗೆ 2023ರ ಇಂಧನ ಕಾಯ್ದೆಯಲ್ಲಿ ಆ ಜವಾಬ್ದಾರಿಯನ್ನು ಆಫ್‌ಜೆಮ್ ಅನ್ನೋ ನಿಯಂತ್ರಣ ಸಂಸ್ಥೆಗೆ ವಹಿಸಿದರು. ನಾವು ಪೈಪ್ ಹೂಳೋ ಮೊದಲೇ ಇದನ್ನು ಮಾಡಿಕೊಂಡರೆ ಒಳ್ಳೇದು.

ಕೊನೆಯದಾಗಿ, ಇದನ್ನು ಕೇಳ್ತಾ ಇರೋರಲ್ಲಿ ಕಾಮರ್ಸ್ ಓದಿದವರು ತುಂಬಾ ಜನ ಇದ್ದೀರಿ ಅಂತ ನನಗೆ ಗೊತ್ತು. ಬೆಂಗಳೂರಿನ ಎಷ್ಟೋ ಆಫೀಸುಗಳಲ್ಲಿ ಕೂತು ದೂರದ ದೇಶಗಳ ಪ್ರಾಜೆಕ್ಟುಗಳಿಗೆ ಮಾಡೆಲ್ ಮಾಡ್ತೀರಿ. ಆ ಊರು ನೋಡಿರಲ್ಲ, ಆ ಪೈಪ್ ನೋಡಿರಲ್ಲ. ‘ಅಸಂಪ್ಷನ್ಸ್’ ಅನ್ನೋ ಶೀಟ್‌ನಲ್ಲಿ ಎಲ್ಲೋ ಒಂದು ಸಾಲು ಇರುತ್ತೆ, ಯಾವ ವರ್ಷ ಶೇಕಡಾ ಎಷ್ಟು ಕಟ್ಟಡ ಸೇರುತ್ತೆ ಅಂತ. ಮೇಲಿನವರು ಬಂದು ‘ಇದನ್ನು ಸ್ವಲ್ಪ ಬೇಗ ಮಾಡಪ್ಪ, ಐಆರ್‌ಆರ್ ಸಾಲ್ತಾ ಇಲ್ಲ’ ಅಂತಾರೆ. ಡೀಲ್ ಮುಗಿದರೆ ಮಾತ್ರ ಸಲಹೆಗಾರರಿಗೆ ಫೀಸ್ ಅಂತ ಇದ್ದರೆ, ಆ ಒತ್ತಡ ಎಲ್ಲಿಂದ ಬರುತ್ತೆ ಅಂತ ಹೇಳಬೇಕಿಲ್ಲ. ನೀವು 40 ಇದ್ದದ್ದನ್ನು 70 ಮಾಡಿ ಎಂಟರ್ ಒತ್ತುತ್ತೀರಿ. ಎರಡು ಸೆಕೆಂಡಿನ ಕೆಲಸ. ಆದರೆ ನಾವು ಈಗಷ್ಟೇ ನೋಡಿದೆವು, ಶೇ 8.1ಕ್ಕೂ ಶೇ 13.4ಕ್ಕೂ ನಡುವೆ ಇದ್ದದ್ದು ಆ ಒಂದೇ ಸಾಲು.

ಹಾಗಾಗಿ ಮೂರು ಪ್ರಶ್ನೆ ಇಟ್ಟುಕೊಳ್ಳಿ. ಮಾಡೆಲ್ ಮಾಡೋರಾಗಲಿ, ನಾಳೆ ಇಂಥ ಬಡಾವಣೆಯಲ್ಲಿ ಫ್ಲ್ಯಾಟ್ ನೋಡೋರಾಗಲಿ, ಇಬ್ಬರಿಗೂ ಇವೇ ಸಾಕು. ಒಂದು, ಕಟ್ಟಡಗಳು ಐದು ವರ್ಷ ತಡವಾದರೆ ಏನಾಗುತ್ತೆ ಅಂತ ಯಾರಾದರೂ ಲೆಕ್ಕ ಹಾಕಿದ್ದಾರಾ? ಎರಡು, ಆ ಐದು ವರ್ಷದ ಖರ್ಚು ಯಾರ ಮೇಲೆ ಅಂತ ಒಪ್ಪಂದದಲ್ಲಿ ಬರೆದಿದೆಯಾ? ಮೂರು, ದರ ಜಾಸ್ತಿ ಅನಿಸಿದರೆ ಹೋಗಿ ಕೇಳೋಕೆ ಒಂದು ಬಾಗಿಲು ಇದೆಯಾ?

ಮೂರಕ್ಕೂ ಉತ್ತರ ಇರೋ ಕಡೆ ಇದು ನಿಜವಾಗಿಯೂ ಒಳ್ಳೆಯ ವ್ಯವಸ್ಥೆ. ಕಡಿಮೆ ಕರೆಂಟಲ್ಲಿ ಹೆಚ್ಚು ಜನಕ್ಕೆ ತಂಪು ಸಿಗುತ್ತೆ. ಉತ್ತರ ಇಲ್ಲದ ಕಡೆ, ಖಾಲಿ ವರ್ಷಗಳ ಬಿಲ್ ಸದ್ದಿಲ್ಲದೆ ನಿಮ್ಮ ಹೆಸರಿಗೇ ಬರುತ್ತೆ.

ನಿಮ್ಮ ಊರಲ್ಲಿ ಅಥವಾ ನೀವಿರೋ ದೇಶದಲ್ಲಿ ಇಂಥ ಬಿಲ್ ನೋಡಿದ್ದರೆ ವಾಯ್ಸ್ ಮೆಸೇಜ್ ಕಳಿಸಿ. ಹೆಸರು, ವಿಳಾಸ, ಖಾತೆ ನಂಬರ್ ಹೇಳಬೇಡಿ, ವಿಷಯ ಹೇಳಿದರೆ ಸಾಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.